ನಿಮಗಿದು ಗೊತ್ತೆ? ನ್ಯುಮೋನಿಯಾ ಬಂದರೆ ರಕ್ತವೂ ಹೆಪ್ಪುಗಟ್ಟೀತು!

ನ್ಯುಮೋನಿಯಾ, ಫ್ಲೂ, ಕೋವಿಡ್‌ನಂಥ ಸೋಂಕುಗಳು ಶ್ವಾಸಕೋಶವನ್ನಷ್ಟೇ ಕಾಡುವುದಿಲ್ಲ. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನೂ ಹೆಚ್ಚಿಸುತ್ತವೆ.

● ಸೋಂಕಿನಿಂದ ಉರಿಯೂತ ಉಂಟಾದಾಗ, ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಯಕೃತ್ತು ಹೆಚ್ಚಾಗಿ ತಯಾರಿಸುತ್ತದೆ. ರಕ್ತನಾಳದ ಒಳಪದರಕ್ಕೂ ಹಾನಿಯಾಗುತ್ತದೆ.

● ಜ್ವರದಿಂದ ದೇಹದ ನೀರಿನಂಶ ಇಳಿಯುತ್ತದೆ. ಮಲಗಿದಲ್ಲೇ ಇದ್ದರೆ ಕಾಲಿನಲ್ಲಿ ರಕ್ತಸಂಚಾರ ನಿಧಾನವಾಗುತ್ತದೆ. ಇವೆರಡೂ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತವೆ.

● ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿಕೊಂಡು, ಹೃದಯದ ಮೂಲಕ ಸಾಗಿ ಶ್ವಾಸಕೋಶದ ರಕ್ತನಾಳವನ್ನು ಮುಚ್ಚಬಹುದು. ಇದೇ ‘ಪಲ್ಮನರಿ ಎಂಬಾಲಿಸಂ’. 19ನೇ ಶತಮಾನದಲ್ಲೇ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ ಇದನ್ನು ವಿವರಿಸಿದ್ದರು.

● ಸೋಂಕಿನ ಅಪಾಯಕ್ಕೆ ಹೃದಯವೂ ಹೊರತಲ್ಲ. ಫ್ಲೂ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು 6 ಪಟ್ಟು ಹೆಚ್ಚಿತ್ತು ಎಂದು ಕೆನಡಾದ ಒಂಟಾರಿಯೊದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

● ಒಂದೇ ಕಾಲಿನ ಮೀನಖಂಡದಲ್ಲಿ ಊತ, ನೋವು, ದಿಢೀರ್ ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬೇಡಿ.