ಕಪ್ಪುಕುಳಿಯ ಅಂಚಿನ ಬೆಳಕು

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮ ಮಾಣಿಯೊಬ್ಬನು, "ಧಣಿಗಳೇ, ಕಪ್ಪುಕುಳಿಯು ಬೆಳಕನ್ನೇ ನುಂಗುವುದಾದರೆ ಅದರ ಚಿತ್ರ ತೆಗೆದುದು ಹೇಗೆ?" ಎಂದು ಕೇಳಿದನು. ಎಸ್.ಎಸ್.ಎಲ್.ಸಿ.ಗೇ ಓದು ನಿಲ್ಲಿಸಿದ ನಾನು ಉತ್ತರವರಿಯದೆ, "ಮೊದಲು ಮೇಜು ಒರೆಸು" ಎಂದು ಗದರಿದೆನು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಉತ್ತರವು ನಮ್ಮ ಮೋರಿಯಲ್ಲೇ ಇದ್ದಿತು. ತೊಟ್ಟಿಯ ನೀರು ತೂತಿಗೆ ನೇರವಾಗಿ ಬೀಳದೆ ಸುತ್ತಿ ಸುತ್ತಿ ಇಳಿಯುವಂತೆ, ಕಪ್ಪುಕುಳಿಗೆ ಬೀಳುವ ಅನಿಲವೂ ಸುತ್ತುತ್ತ, ಕಾದು, ಬೆಳಗುತ್ತದೆ. ಕುಳಿಯೊಳಗಿಂದ ಬೆಳಕು ಬಾರದು. ನಮಗೆ ಕಾಣುವುದು ಈ ಹೊರಗಣ ಬೆಳಕು. ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಎಂ 87 ಗೆಲಾಕ್ಸಿಯ ನಡುವೆ, ಸುಮಾರು 650 ಕೋಟಿ ಸೂರ್ಯರ ತೂಕದ ಕುಳಿಯಿದೆ. 8 ರೇಡಿಯೋ ದೂರದರ್ಶಕಗಳನ್ನು ಒಂದುಗೂಡಿಸಿ ಪಡೆದ ಅದರ ಚಿತ್ರವು 2019ರ ಏಪ್ರಿಲ್ 10ರಂದು ಪ್ರಕಟವಾಯಿತು. ಉರಿಯ ಬಳೆ, ನಡುವೆ ಕತ್ತಲೆ!

2021ರ ಮಾರ್ಚಿನಲ್ಲಿ ಅದೇ ಬಳೆಯ ಧ್ರುವೀಕೃತ ಬೆಳಕಿನ ಚಿತ್ರವು ಹೊರಬಂದಿತು. ಬೆಳಕಿನ ಅಲೆಯು ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ತೂಗಾಡುತ್ತದೆ. ಒಂದೇ ದಿಕ್ಕಿಗೆ ತೂಗಿದರೆ ಅದು ಧ್ರುವೀಕೃತ. ಮರೀನ್ ಡ್ರೈವಿನ ಕಡಲ ಮೇಲೆ ಕಣ್ಣು ಕೋರೈಸುವ ಹೊಳಪನ್ನು ಕೆಲವು ಬಗೆಯ ಕೂಲಿಂಗ್ ಗ್ಲಾಸುಗಳು ತಡೆಯುವುದು ಈ ತತ್ತ್ವದಿಂದಲೇ. ಕಾಂತಕ್ಷೇತ್ರವನ್ನು ಸುತ್ತುವ ಎಲೆಕ್ಟ್ರಾನುಗಳ ಬೆಳಕು ಧ್ರುವೀಕೃತವಾದುದರಿಂದ, ಅದರ ದಿಕ್ಕೇ ಕಾಣದ ಕಾಂತಕ್ಷೇತ್ರದ ವಿನ್ಯಾಸವನ್ನು ತಿಳಿಸುತ್ತದೆ. ಅಂಚಿನ ಕಾಂತಬಲವು ಅನಿಲವನ್ನು ಹಿಂದಕ್ಕೆ ನೂಕುವಷ್ಟು ಪ್ರಬಲವೆಂದೂ, ನುಸುಳಿದ ಅನಿಲ ಮಾತ್ರವೇ ಒಳಸೇರುವುದೆಂದೂ ಇದರಿಂದ ತಿಳಿಯಿತು. ನಮ್ಮ ಆಕಾಶಗಂಗೆಯ ನಡುವಿನ ಕುಳಿಯ ಇಂಥದೇ ಚಿತ್ರವು 2024ರ ಮಾರ್ಚಿನಲ್ಲಿ ಪ್ರಕಟವಾಯಿತು.

ಧ್ರುವೀಕರಣವನ್ನು ಅಳೆಯುವ ವಿದ್ಯೆಯಲ್ಲಿ ನಮ್ಮವರೂ ಹಿಂದುಳಿದಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ರಚಿಸಿದ 'ಪೋಲಿಕ್ಸ್' ಉಪಕರಣವನ್ನು ಹೊತ್ತ 'ಎಕ್ಸ್‌ಪೋಸ್ಯಾಟ್' ಉಪಗ್ರಹವು 2024ರ ಜನವರಿ 1ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಎಕ್ಸ್ ಕಿರಣಗಳ ಧ್ರುವೀಕರಣವನ್ನು ಅಳೆಯುವುದೇ ಅದರ ಮುಖ್ಯ ಉದ್ದೇಶ. ಇದೇ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮುಂದಾಳುತನದಲ್ಲಿ ಸಿದ್ಧವಾದ ಉಪಕರಣವು, 2015ರಲ್ಲಿ 'ಆಸ್ಟ್ರೋಸ್ಯಾಟ್' ಉಪಗ್ರಹದೊಡನೆ ಏರಿ, ಏಡಿ ನೀಹಾರಿಕೆಯ ಎಕ್ಸ್ ಕಿರಣಗಳ ಧ್ರುವೀಕರಣವನ್ನು ಅಳೆದಿತು.

ಆ ಸಂಸ್ಥೆಯಿರುವ ಊರಿನಲ್ಲೇ ನನ್ನ ಹೋಟೆಲೂ ಇದ್ದಿತು. ಆದರೂ ಮಾಣಿಯ ಪ್ರಶ್ನೆಗೆ ಕನ್ನಡದಲ್ಲಿ ನಾಲ್ಕು ಮಾತು ಹೇಳುವವರು ನಮ್ಮ ಗಲ್ಲೆಯ ಬಳಿ ಇರಲಿಲ್ಲ. ಹೋಟೆಲು ನಡೆಸುವ ಬಂಧುಗಳೇ, ನಿಮ್ಮ ಹುಡುಗರು ಏನನ್ನಾದರೂ ಕೇಳಿದರೆ, ತಿಳಿಯದಿದ್ದರೆ ತಿಳಿಯದೆನ್ನಿರಿ, ಗದರಬೇಡಿರಿ. ಊರಿಗೆ ಮರಳಿದ ಆ ಮಾಣಿಯ ಕೈಗೆ ಈ ಪತ್ರಿಕೆ ಸಿಕ್ಕಿದರೆ, ಇದು ಅವನಿಗೆ ನಾನು ಸಲ್ಲಿಸುವ ತಡವಾದ ಉತ್ತರ.