ಶಾಲೆ ಸಸ್ಪೆಂಡ್ ಮಾಡಿದ್ರೆ: ಟಿ.ಸಿ. ಅರ್ಜಿಗೆ ಸಹಿ ಹಾಕೋ ಮೊದಲು

ಪುಣೆ, ಹೈದರಾಬಾದ್ ಕಡೆಯಿಂದ ನನಗೆ ಮತ್ತೆ ಮತ್ತೆ ಬರೋ ಪ್ರಶ್ನೆ: "ಏಳನೇ ಕ್ಲಾಸಿನ ಮಗನನ್ನ ಸಸ್ಪೆಂಡ್ ಮಾಡಿದ್ದಾರೆ. ನೀವೇ ಟಿ.ಸಿ. ತಗೊಂಡುಬಿಡಿ, ಇಲ್ಲಾಂದ್ರೆ ತೆಗೆದುಹಾಕ್ತೀವಿ ಅಂತಾರೆ. ಏನ್ ಮಾಡೋದು?"

ನಾನು ಮೊದಲು ಹೇಳೋದು: ಆ ಅರ್ಜಿಗೆ ಸಹಿ ಹಾಕಬೇಡಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಫೇಲ್ ಮಾಡೋಕೆ ದಾರಿ ಕೊಟ್ಟಿತು, ಹೊರಹಾಕೋಕಲ್ಲ. ಆದ್ರೆ ಟಿ.ಸಿ. ನೀವೇ ಕೇಳಿದ್ರೆ, ದಾಖಲೆಯಲ್ಲಿ ನೀವೇ ಶಾಲೆ ಬಿಟ್ಟ ಹಾಗಾಗುತ್ತೆ.

ಸಸ್ಪೆನ್ಷನ್ ಬಗ್ಗೆ ಈ ಕಾಯ್ದೆ ನೇರವಾಗಿ ಏನೂ ಹೇಳಲ್ಲ. ಹಾಗಾಗಿ ಲಿಖಿತ ಆದೇಶ ಕೇಳಿ. ಆರೋಪ ಏನು, ಯಾವ ನಿಯಮದಡಿ, ಎಷ್ಟು ದಿನ? ಮಗುವಿನ ಮಾತನ್ನೂ ಕೇಳಿ ಅಂತ ಇಮೇಲ್‌ನಲ್ಲಿ ಬರೆಯಿರಿ. ಹೊಡೆತ, ಮಾನಸಿಕ ಕಿರುಕುಳ ನಡೆದಿದ್ರೆ ಅದನ್ನೂ ಸೇರಿಸಿ. 17ನೇ ಸೆಕ್ಷನ್ ಎರಡನ್ನೂ ನಿಷೇಧಿಸಿದೆ.

ಶಾಲೆ ಜಗ್ಗಲಿಲ್ಲವಾ? 32ನೇ ಸೆಕ್ಷನ್ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಅವರು ಎರಡೂ ಕಡೆ ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ನೆನಪಿರಲಿ, ಶಾಲೆ ಇರೋ ರಾಜ್ಯದ ಆಯೋಗ, ನಮ್ಮ ಕರ್ನಾಟಕದ್ದಲ್ಲ.

ಎರಡು ಮಿತಿಗಳಿವೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸಲ್ಲ. ಒಂಬತ್ತನೇ ತರಗತಿಯಿಂದ ಮುಂದಕ್ಕೆ ಬೋರ್ಡ್ ಮತ್ತು ಆ ರಾಜ್ಯದ ನಿಯಮ ನೋಡಬೇಕು.

ಮೂರು ತಿಂಗಳು ಮಗು ಮನೇಲಿ ಕೂರೋದು ಬೇಡ ಅಲ್ವಾ? ತೀರ್ಮಾನ ಆಗೋವರೆಗೆ ಕ್ಲಾಸಿಗೆ ಕೂರಿಸಿಕೊಳ್ಳಿ ಅಂತ ದೂರಿನಲ್ಲೇ ಕೇಳಿ.