ಅಂಬಾಸಿಡರ್ ಕಾರಿನ ಡೀಸೆಲ್ ಮತ್ತು ಪೆಟ್ರೋಲ್ ಮಾದರಿಗಳ ಬಿಡಿಭಾಗಗಳ ಹೊಂದಾಣಿಕೆ

ಹಿಂದುಸ್ತಾನ್ ಅಂಬಾಸಿಡರ್ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿದ ಕಾರು. ಇದರ ವಿನ್ಯಾಸವು ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿದೆ. ಈ ಕಾರು ಪೆಟ್ರೋಲ್ ಮತ್ತು ಡೀಸೆಲ್ ಎಂಬ ಎರಡೂ ರೂಪಗಳಲ್ಲಿ ದೊರೆಯುತ್ತಿತ್ತು. ಎರಡರ ಹೊರರೂಪ ಒಂದೇ ಆಗಿರುವುದರಿಂದ ಒಂದರ ಬಿಡಿಭಾಗವು ಇನ್ನೊಂದಕ್ಕೆ ಹೊಂದುತ್ತದೆಂದು ಭಾವಿಸುವುದು ಸಹಜ. ಆದರೆ ಈ ಹೊಂದಾಣಿಕೆಯು ಕೆಲವು ಭಾಗಗಳಿಗೆ ಮಾತ್ರ ಸೀಮಿತವಾಗಿದೆ.

ಹಿನ್ನೆಲೆ

ಆರಂಭದ ಕೆಲವು ವರ್ಷಗಳ ನಂತರ ಅಂಬಾಸಿಡರ್‌ಗೆ ಬಿ.ಎಂ.ಸಿ. ಸಂಸ್ಥೆಯ ಬಿ-ಸರಣಿಯ 1489 ಸಿ.ಸಿ. ಪೆಟ್ರೋಲ್ ಎಂಜಿನನ್ನು ಅಳವಡಿಸಲಾಯಿತು. 1980ರ ಸುಮಾರಿಗೆ, ಮಾರ್ಕ್ 4 ಮಾದರಿಯ ಕಾಲದಲ್ಲಿ, ಅದೇ ಸರಣಿಯಿಂದ ರೂಪುಗೊಂಡ ಡೀಸೆಲ್ ಎಂಜಿನ್ ಬಂದಿತು. ಅದರ ಗಾತ್ರವೂ 1489 ಸಿ.ಸಿ. ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ಉದ್ದ ಎರಡರಲ್ಲೂ ಒಂದೇ. 1990ರ ದಶಕದಲ್ಲಿ ಇಸುಝು ವಿನ್ಯಾಸದ 1817 ಸಿ.ಸಿ. ಪೆಟ್ರೋಲ್ ಎಂಜಿನ್ ಹಾಗೂ ಐದು ಗೇರುಗಳ ಗೇರ್‌ಬಾಕ್ಸ್ ಸೇರಿದವು. ಮುಂದೆ ಇಸುಝುವಿನ 1995 ಸಿ.ಸಿ. ಡೀಸೆಲ್ ಎಂಜಿನ್ ಸಹ ಬಂದಿತು.

ಆದ್ದರಿಂದ ‘ಪೆಟ್ರೋಲ್ ಅಂಬಾಸಿಡರ್’ ಅಥವಾ ‘ಡೀಸೆಲ್ ಅಂಬಾಸಿಡರ್’ ಎಂಬ ಹೆಸರಿನಿಂದಷ್ಟೇ ಬಿಡಿಭಾಗವನ್ನು ನಿರ್ಧರಿಸಲಾಗದು. ಎಂಜಿನ್ ಯಾವ ಸರಣಿಯದು, ಕಾರು ಯಾವ ಅವಧಿಯದು ಎಂಬುದು ಇಂಧನದಷ್ಟೇ ಮುಖ್ಯ. ಬಿ.ಎಂ.ಸಿ. ಡೀಸೆಲ್ ಎಂಜಿನಿನ ಭಾಗವು ಇಸುಝು ಡೀಸೆಲ್ ಎಂಜಿನಿಗೆ ಹೊಂದುವುದಿಲ್ಲ. ಇಸುಝುವಿನ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನುಗಳೂ ಬೇರೆ ಬೇರೆ ಸರಣಿಯವು.

ಹೊಂದಿಕೊಳ್ಳುವ ಭಾಗಗಳು

ಒಂದೇ ಅವಧಿಯ ಕಾರುಗಳಲ್ಲಿ ಬಾಗಿಲು, ಗಾಜು, ಡಿಕ್ಕಿಯ ಮುಚ್ಚಳ, ಬಂಪರ್, ದೀಪಗಳು, ಆಸನಗಳು, ಚಕ್ರಗಳು ಇವುಗಳಿಗೆ ಇಂಧನದ ಭೇದವಿಲ್ಲ. ಸ್ಟಿಯರಿಂಗ್ ವ್ಯವಸ್ಥೆ, ಬ್ರೇಕ್ ಡ್ರಮ್ ಮತ್ತು ಲೈನರ್, ಹಿಂಬದಿಯ ಪಾಟಾಗಳು ಇವನ್ನೂ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರಿಸಬಹುದು. ಆದರೆ ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಮಾದರಿಗಳ ನಡುವೆ ಮುಂಭಾಗದ ಜಾಲರಿ, ಡ್ಯಾಶ್‌ಬೋರ್ಡ್ ಮೊದಲಾದವು ಬದಲಾಗಿರುವುದನ್ನು ಗಮನಿಸಬೇಕು.

ಹೊಂದಿಕೊಳ್ಳದ ಭಾಗಗಳು

ಪೆಟ್ರೋಲ್ ಎಂಜಿನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸ್ಪಾರ್ಕ್ ಪ್ಲಗ್ಗಿನ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಬಿ.ಎಂ.ಸಿ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯು ಸುಮಾರು ಏಳೆಂಟು ಪಟ್ಟು ಸಂಕುಚಿತಗೊಂಡರೆ, ಡೀಸೆಲ್ ಎಂಜಿನಿನಲ್ಲಿ ಇಪ್ಪತ್ತು ಪಟ್ಟಿಗೂ ಮೀರಿ ಸಂಕುಚಿತಗೊಳ್ಳುತ್ತದೆ. ಈ ಒತ್ತಡವನ್ನು ಹೊರುವ ಸಿಲಿಂಡರ್ ಹೆಡ್, ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಕನೆಕ್ಟಿಂಗ್ ರಾಡ್, ಬೇರಿಂಗ್‌ಗಳನ್ನು ಪರಸ್ಪರ ಬದಲಿಸಬಾರದು. ಪಿಸ್ಟನ್ನಿನ ವ್ಯಾಸ ಒಂದೇ ಇದ್ದರೂ ಅದರ ತಲೆಯ ಆಕಾರ ಮತ್ತು ದೃಢತೆ ಬೇರೆ. ಅಳತೆ ಕೂಡಿಬಂದ ಮಾತ್ರಕ್ಕೆ ಭಾಗವು ಹೊಂದಿತೆಂದು ಅರ್ಥವಲ್ಲ.

ಇಂಧನ ವ್ಯವಸ್ಥೆಯೂ ಭಿನ್ನ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಕಾಯಿಲ್ ಪೆಟ್ರೋಲ್ ಕಾರಿನವು. ಇಂಜೆಕ್ಷನ್ ಪಂಪ್, ನಾಝಲ್, ಹೀಟರ್ ಪ್ಲಗ್ ಡೀಸೆಲ್ ಕಾರಿನವು. ನಾಝಲ್‌ನಲ್ಲಿ ಉಳಿದ ಡೀಸೆಲ್ ಹಿಂದಿರುಗಲು ಪ್ರತ್ಯೇಕ ಕೊಳವೆ ಬೇಕು. ಕಾರ್ಬ್ಯುರೇಟರ್ ಇರುವ ಕಾರಿನ ಟ್ಯಾಂಕಿಗೆ ಆ ಏರ್ಪಾಡಿರುವುದಿಲ್ಲ. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡಿನ ಕೆಲಸ ಮಾಡುವುದರಿಂದ, ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿದ್ದರೆ ಪಂಪು ಸವೆದು ಹಾಳಾಗಬಹುದು.

ಪರೀಕ್ಷಿಸಿ ಬಳಸಬೇಕಾದ ಭಾಗಗಳು

ಕೆಲವು ಭಾಗಗಳು ಕೂರುತ್ತವೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಡೀಸೆಲ್ ಎಂಜಿನನ್ನು ತಿರುಗಿಸಲು ಹೆಚ್ಚಿನ ಬಲ ಬೇಕಾದ್ದರಿಂದ ಪೆಟ್ರೋಲ್ ಕಾರಿನ ಬ್ಯಾಟರಿ ಮತ್ತು ಸೆಲ್ಫ್ ಮೋಟಾರು ಸಾಲದೆ ಹೋಗಬಹುದು. ಡೀಸೆಲ್ ಎಂಜಿನಿನ ಭಾರ ಮತ್ತು ಕಂಪನ ಹೆಚ್ಚು. ಆದ್ದರಿಂದ ಮೌಂಟಿಂಗ್ ರಬ್ಬರುಗಳನ್ನೂ ಮುಂಭಾಗದ ಟಾರ್ಷನ್ ಬಾರಿನ ಹೊಂದಿಕೆಯನ್ನೂ ನೋಡಬೇಕಾಗುತ್ತದೆ. ನೋವಾ ಮಾದರಿಯ ಪೆಟ್ರೋಲ್ ಎಂಜಿನಿನ ಶಕ್ತಿ ಸುಮಾರು 55 ಅಶ್ವಶಕ್ತಿಯಾದರೆ ಡೀಸೆಲ್ ಎಂಜಿನಿನದು ಸುಮಾರು 37. ಆದಕಾರಣ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಬದಲಿಸುವಾಗ ಹಲ್ಲುಗಳ ಅನುಪಾತವನ್ನು ಎಣಿಸಿ ನೋಡಬೇಕು. ಅನುಪಾತ ಬದಲಾದರೆ ಸ್ಪೀಡೋಮೀಟರ್ ತಪ್ಪು ವೇಗ ತೋರಿಸುತ್ತದೆ.

ಸುರಕ್ಷತೆಯ ದೃಷ್ಟಿಯಿಂದ ಎರಡು ಸಂಗತಿಗಳು ಮುಖ್ಯ. ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವು ಪೆಟ್ರೋಲ್ ಎಂಜಿನಿನ ಗಾಳಿಯ ಮಾರ್ಗದಲ್ಲಿ ತಾನಾಗಿಯೇ ಉಂಟಾಗುತ್ತದೆ. ಡೀಸೆಲ್ ಎಂಜಿನಿನಲ್ಲಿ ಅದಕ್ಕೆ ಪ್ರತ್ಯೇಕ ಪಂಪು ಅಗತ್ಯ. ಬೂಸ್ಟರ್ ಇರುವ ಕಾರಿಗೆ ಈ ಪಂಪಿಲ್ಲದೆ ಡೀಸೆಲ್ ಎಂಜಿನ್ ಕೂರಿಸಿದರೆ ಬ್ರೇಕ್ ಪೆಡಲು ಬಿಗಿಯಾಗಿ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎರಡನೆಯದಾಗಿ, ಪೆಟ್ರೋಲ್ ಕಾರು ಕೀಲಿ ತಿರುಗಿಸಿದೊಡನೆ ಕಿಡಿ ನಿಂತು ಬಂದಾಗುತ್ತದೆ. ಹಳೆಯ ಡೀಸೆಲ್ ಎಂಜಿನನ್ನು ನಿಲ್ಲಿಸಲು ಇಂಧನವನ್ನೇ ತಡೆಯುವ ಸಾಧನ ಇರಬೇಕು.

ಆಳಂದ, ಅಫಜಲಪುರ, ಜೇವರ್ಗಿ ಪರಿಸರದಲ್ಲಿ

ಆಳಂದ, ಅಫಜಲಪುರ ಮತ್ತು ಜೇವರ್ಗಿ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳು. ಕಪ್ಪು ಎರೆಮಣ್ಣು, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಬಿಸಿಲು ಈ ಭಾಗದ ಲಕ್ಷಣಗಳು. ಇಂತಹ ಧೂಳು ಮತ್ತು ಶಾಖದಲ್ಲಿ ಹೊಂದದ ರೇಡಿಯೇಟರ್ ಅಥವಾ ಗಾಳಿ ಶೋಧಕದ ದೋಷವು ಬೇಗನೆ ಹೊರಬೀಳುತ್ತದೆ. ಡೀಸೆಲ್ ಶೋಧಕದಲ್ಲಿ ಧೂಳು ಅಥವಾ ನೀರು ಸೇರಿದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಕಾರಿನ ತಯಾರಿಕೆ ನಿಂತಿರುವುದರಿಂದ ಹಳೆಯ ಕಾರುಗಳಿಂದ ಕಳಚಿದ ಭಾಗಗಳನ್ನು ಅವಲಂಬಿಸುವ ಸಂದರ್ಭಗಳೂ ಇವೆ. ಕಲಬುರಗಿಗೋ ಸೊಲ್ಲಾಪುರಕ್ಕೋ ಬಿಡಿಭಾಗ ತರಲು ಹೋಗುವವರು ಹಳೆಯ ಭಾಗವನ್ನೂ, ಎಂಜಿನ್ ಸಂಖ್ಯೆಯನ್ನೂ ಜೊತೆಗೆ ಒಯ್ಯುವುದು ಉಪಯುಕ್ತ.

ಕಾನೂನಿನ ಅಂಶಗಳು

ಇಂಧನದ ಬಗೆ ಮತ್ತು ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿಯಂತ್ರಿಸುತ್ತದೆ. ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಅಳವಡಿಸಲು ನೋಂದಣಿ ಪ್ರಾಧಿಕಾರದ ಒಪ್ಪಿಗೆ ಅಗತ್ಯ. ಈ ತಾಲ್ಲೂಕುಗಳ ವಾಹನಗಳು ಕೆಎ-32 ಸಂಕೇತದ ಕಲಬುರಗಿ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಆ ಬಳಿಕ ನವೀಕರಣಕ್ಕೆ ತಪಾಸಣೆ ನಡೆಯುತ್ತದೆ. ಪತ್ರದಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಎಂಜಿನ್ ಇದ್ದರೆ ನವೀಕರಣಕ್ಕೂ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಹಳೆಯ ಅಂಬಾಸಿಡರ್ ಕೊಳ್ಳುವವರು ಹಣ ಕೊಡುವ ಮೊದಲು ಎಂಜಿನಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಪತ್ರದೊಂದಿಗೆ ಹೋಲಿಸುವುದು ಅವಶ್ಯಕ.